ಕುರುಗೋಡಿನ ವಿಜ್ಞಾನ ತರಗತಿಯಲ್ಲಿ ಒಬ್ಬ ಓದಿನ ಶಿಕ್ಷಕಿ

ಕನ್ನಡದ ಪುಟವೊಂದನ್ನು ಸರಾಗವಾಗಿ ಓದಲಾರದ ಹುಡುಗಿಗೆ ವಿಜ್ಞಾನದ ಪುಟ ಓದುವುದನ್ನು ಕಲಿಸಬೇಕಾದವರು ಯಾರು: ಕನ್ನಡದ ಶಿಕ್ಷಕರೋ, ವಿಜ್ಞಾನದ ಶಿಕ್ಷಕರೋ? ಕರಾವಳಿಯ ನನ್ನೂರಿನ ಓದುಗರಾದ ನೀವು ಉತ್ತರಿಸಲು ಅವಸರ ಮಾಡಬೇಡಿ. ಉಡುಪಿಯಲ್ಲಿ ಕಾಲೇಜು ಓದುವಾಗ ಯಾರಾದರೂ ಈ ಪ್ರಶ್ನೆಯನ್ನು ಚರ್ಚಾಸ್ಪರ್ಧೆಗೆ ಇಟ್ಟಿದ್ದರೆ, ಯಾವ ಪಕ್ಷ ಕೊಟ್ಟರೂ ನಾನು ಎದ್ದು ಮಾತಾಡುತ್ತಿದ್ದೆ. ಬಹುಶಃ ಗೆಲ್ಲುತ್ತಲೂ ಇದ್ದೆ. ಬಳ್ಳಾರಿಗೆ ಬಂದು ನೆಲೆಸಿದ ಮೇಲೆ ತಿಳಿದದ್ದು ಇಷ್ಟು: ಗೆದ್ದ ಪಕ್ಷ ಯಾವುದಾದರೂ, ಓದಲಾರದ ಹುಡುಗಿ ಮಾತ್ರ ತನ್ನ ಬೆಂಚಿನಲ್ಲಿ ಹಾಗೆಯೇ ಕುಳಿತಿರುತ್ತಾಳೆ.

ಕುರುಗೋಡಿನ ಸರ್ಕಾರಿ ಪ್ರೌಢಶಾಲೆಯ ಒಂಬತ್ತನೆಯ ತರಗತಿಗೆ ನಾನು ಮೊದಲು ಕಾಲಿಟ್ಟದ್ದು ವಿಜ್ಞಾನದ ಅವಧಿಯಲ್ಲಿ. ಹಿಂದಿನ ಬೆಂಚಿನಲ್ಲಿ ಜಾಗ ಮಾಡಿಕೊಂಡು ಕುಳಿತೆ. ಶಿಕ್ಷಕರು ಒಳಬಂದು "ಬುಕ್ ತಗೀರಿ" ಎಂದರು. ಕೂಡಲೇ ಮಕ್ಕಳೆಲ್ಲ ಪಠ್ಯಪುಸ್ತಕವನ್ನು ಚೀಲಕ್ಕೆ ತುರುಕಿ ನೋಟ್‌ಪುಸ್ತಕ ತೆಗೆದರು; ಅಲ್ಲಿ ಬುಕ್ ಎಂದರೆ ಅದೇ. ಶಿಕ್ಷಕರು ಮೇಜಿಗೆ ಒರಗಿ, ಕಥೆ ಹೇಳುವವರಂತೆ ಪಾಠ ಹೇಳತೊಡಗಿದರು. ವಾಕ್ಯದ ಕೊನೆಯ ಪದವನ್ನು ಅವರು ತಾವಾಗಿ ಹೇಳುತ್ತಲೇ ಇರಲಿಲ್ಲ. "ಐಸ್ ಕರಗಿದ್ರ ಏನಾಗತೈತಿ? ಘನ ಹೋಗಿ..." ಎಂದು ತಡೆದರೆ, ತರಗತಿಯೆಲ್ಲ ಒಂದೇ ಗಂಟಲಿನಿಂದ "ದ್ರವ!" ಎನ್ನುತ್ತಿತ್ತು. ನಡುವೆ ನಗೆಚಾಟಿಕೆ, ತೆಲುಗು ಮನೆಮಾತಿನ ಮಕ್ಕಳಿಗಾಗಿ ಎರಡು ತೆಲುಗು ವಾಕ್ಯ, ಕೊನೆಗೆ ಪರೀಕ್ಷೆಯ ಉತ್ತರಗಳನ್ನು ಹೇಳಿ ಬರೆಸುವುದು. ಆ ಅವಧಿಯಲ್ಲಿ ಯಾರೂ, ಶಿಕ್ಷಕರೂ ಸೇರಿದಂತೆ, ಪಠ್ಯಪುಸ್ತಕದ ಒಂದು ಸಾಲನ್ನೂ ಓದಲಿಲ್ಲ. ಓದು ಕಲಿಸಲೆಂದೇ ಇಷ್ಟು ದೂರ ಬಂದವಳಿಗೆ, ಓದೇ ಇಲ್ಲದೆ ಇಷ್ಟು ಚೆನ್ನಾಗಿ ನಡೆಯುವ ತರಗತಿಯಲ್ಲಿ ನನಗೇನು ಕೆಲಸ ಎನ್ನಿಸಿತು.

ನನ್ನ ಕೆಲಸವನ್ನು ಇಲ್ಲಿ ವಿವರಿಸಬೇಕು. ಶಿಕ್ಷಣದ ಸಂಸ್ಥೆಯೊಂದು ನನ್ನನ್ನು ಎರಡು ಸರ್ಕಾರಿ ಪ್ರೌಢಶಾಲೆಗಳಿಗೆ ಕಳುಹಿಸಿದೆ: ವಾರದ ಅರ್ಧ ಸಿರುಗುಪ್ಪ, ಉಳಿದರ್ಧ ಕುರುಗೋಡು. ಪ್ರೌಢಶಾಲೆಗೆ ಬಂದರೂ ಓದಲು ತಡವರಿಸುವ ಮಕ್ಕಳಿಗೆ ಓದು ಕಲಿಸುವುದು, ಜೊತೆಗೆ ಗಣಿತ, ವಿಜ್ಞಾನ, ಸಮಾಜದ ಶಿಕ್ಷಕರೊಡನೆ ಕೂಡಿ, ಅವರವರ ಪಾಠದೊಳಗೇ ಓದು ಬರಹಕ್ಕೆ ಜಾಗ ಮಾಡುವುದು. ಕಾಗದದ ಮೇಲೆ ಎರಡನೆಯದು ಸುಲಭದ ಕೆಲಸವಾಗಿ ಕಾಣುತ್ತಿತ್ತು.

ವಾಸ ಬಳ್ಳಾರಿ ನಗರದಲ್ಲಿ. ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿ ಮಹಡಿಯ ಮೇಲೊಂದು ಕೋಣೆ. ಮನೆಯೊಡತಿ ಗೌರಮ್ಮ ಮುಂಗಡದ ಮಾತಿಗಿಂತ ಮೊದಲು ಕೇಳಿದ್ದು "ನೀವು ಯಾರ ಪೈಕಿ?" ಎಂದು. ನಮ್ಮ ಕಡೆ ಜಾತಿಯ ಇದೇ ಪ್ರಶ್ನೆಯನ್ನು ಮನೆಯ ಹೆಸರು ಕೇಳಿ ಬಳಸಿ ಕೇಳುತ್ತಾರೆ. ಇಲ್ಲಿ ನೇರವಾಗಿ ಕೇಳುತ್ತಾರೆ. ನಾನು ಸಮಾನತೆಯ ಕುರಿತು ನಾಲ್ಕು ವಾಕ್ಯ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು, "ಆತು ಬಿಡವಾ, ಮಾಂಸ ಮಾಡಬ್ಯಾಡ, ಮಧ್ಯಾಹ್ನ ಬಿಸಲಾಗ ತಿರುಗಬ್ಯಾಡ. ಉಳಿದದ್ದು ನಿನ್ನ ಇಷ್ಟ" ಎಂದು ಬೀಗದ ಕೈ ಕೊಟ್ಟರು. ಎರಡು ಷರತ್ತುಗಳನ್ನೂ ಒಂದೇ ದನಿಯಲ್ಲಿ ಹೇಳಿದ್ದರಿಂದ, ಯಾವುದನ್ನು ಪ್ರತಿಭಟಿಸಬೇಕೆಂದು ನನಗೆ ಹೊಳೆಯಲಿಲ್ಲ.

ಅನ್ನದ್ದು ಬೇರೆ ಕಥೆ. ಕುಚ್ಚಲಕ್ಕಿ ಹುಡುಕುತ್ತ ಪೇಟೆಯಲ್ಲಿ ನಾಲ್ಕೈದು ಅಂಗಡಿ ಹತ್ತಿಳಿದೆ. ಕೊನೆಯ ಅಂಗಡಿಯಾತ ಕನಿಕರದಿಂದ, "ಕೆಂಪು ದಪ್ಪಕ್ಕಿ ಯಾಕ ತಿಂತೀರಿ ಅಕ್ಕಾರ? ಸಿರಗುಪ್ಪಿ ಸೋನಾ ಐತಿ ನೋಡ್ರಿ, ಮಲ್ಲಿಗಿ ಇದ್ದಂಗ" ಎಂದು ಬೊಗಸೆಯಷ್ಟು ಅಕ್ಕಿ ಸುರಿದು ತೋರಿಸಿದ. ಆ ಅಕ್ಕಿಯ ಅನ್ನ ನಿಜಕ್ಕೂ ಮಲ್ಲಿಗೆಯಂತಿರುತ್ತದೆ. ಆದರೆ ನಮ್ಮ ಗಂಜಿ ಉಂಡ ಹೊಟ್ಟೆಗೆ ಅದು ಉಂಡಂತೆಯೇ ಅನ್ನಿಸುವುದಿಲ್ಲ. ಸಂಜೆ ಒಗ್ಗರಣೆ ಹಾಕಿದ ಮಂಡಕ್ಕಿ, ಅದರ ಪಕ್ಕ ಕರಿದ ಮಿರ್ಚಿ: ಇವೆರಡನ್ನು ಮಾತ್ರ ನನ್ನ ನಾಲಗೆ ಬೇಗ ಒಪ್ಪಿಕೊಂಡಿತು. ಭಾಷೆ ಒಂದೇ ಆದರೂ ನನ್ನ ಕನ್ನಡಕ್ಕೆ ಇಲ್ಲಿ ಪುಸ್ತಕದ ವಾಸನೆ. ಬಸ್ಸಿನಲ್ಲಿ ನಾನು "ಕುರುಗೋಡಿಗೆ ಹೋಗುತ್ತದೆಯೇ?" ಎಂದು ಕೇಳಿದರೆ ನಿರ್ವಾಹಕ ಒಂದು ಕ್ಷಣ ನೆಟ್ಟಗೆ ನಿಂತು ಉತ್ತರಿಸುತ್ತಾನೆ. ಭಾನುವಾರಗಳಲ್ಲಿ ಮಾತಾಡಲು ಯಾರೂ ಇರುವುದಿಲ್ಲ. ಮಹಡಿಯಿಂದ ಕಾಣುವ ಒಂಟಿ ಬಂಡೆಯ ಗುಡ್ಡದ ಬಣ್ಣ ಬದಲಾಗುವುದನ್ನು ನೋಡುತ್ತೇನೆ.

ಮೊದಲು ಸೋತದ್ದು ಸಿರುಗುಪ್ಪದಲ್ಲಿ, ಅದೂ ಗೆದ್ದು. ಅಲ್ಲಿನ ಶಿಕ್ಷಕರ ಕೊಠಡಿಯಲ್ಲಿ ಮಾತಾಡಲು ಮುಖ್ಯೋಪಾಧ್ಯಾಯರು ಅವಕಾಶ ಕೊಟ್ಟರು. ಪ್ರತಿ ವಿಷಯದ ಶಿಕ್ಷಕರೂ ಓದು ಕಲಿಸುವ ಶಿಕ್ಷಕರೇ ಎಂಬುದು ನನ್ನ ವಾದ. ಪಾಠಗಳ ಹೊರೆ ಹೆಚ್ಚು ಎಂದರು; ಉತ್ತರ ಕೊಟ್ಟೆ. ಅದು ಕನ್ನಡದವರ ಕೆಲಸ ಎಂದರು, ಅದಕ್ಕೂ ಕೊಟ್ಟೆ. ಮಕ್ಕಳು ಕ್ಯಾಂಪುಗಳಿಂದ ಬರುತ್ತಾರೆ, ಮನೆಯಲ್ಲಿ ತೆಲುಗು ಎಂದರು. ಕ್ಯಾಂಪ್ ಎಂದರೆ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದ ರೈತರು ಹೊಲಗಳ ನಡುವೆ ಕಟ್ಟಿಕೊಂಡ ಊರುಗಳು. ಹೆಸರು ಬಿಡಾರದ್ದಾದರೂ ತಲೆಮಾರುಗಳಿಂದ ನೆಲೆನಿಂತವು. ಅದಕ್ಕೂ ನನ್ನಲ್ಲಿ ಉತ್ತರವಿತ್ತು. ಕೊನೆಗೆ ಯಾರಲ್ಲೂ ಆಕ್ಷೇಪ ಉಳಿಯಲಿಲ್ಲ. ದೇಶನೂರಿನಿಂದ ಬರುವ ಗಣಿತದ ಶಿಕ್ಷಕಿಯೊಬ್ಬರು ಚಹಾದ ಲೋಟ ಕೆಳಗಿಟ್ಟು, "ನೀವು ಗೆದ್ರಿ ಮೇಡಂ. ನಮ್ಮ ಬಾಯಿ ಕಟ್ಟಿದಂಗ ಆತು" ಎಂದರು. ಮುಂದಿನ ವಾರ ನಾನು ಕರೆದ ಸಭೆಗೆ ಅವರೂ ಬರಲಿಲ್ಲ, ಉಳಿದವರೂ ಬರಲಿಲ್ಲ. ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಮೌನವಾದರೆ ಸಾಕು. ಶಾಲೆಯಲ್ಲಿ ಕೆಲಸ ಶುರುವಾಗುವುದು ಆ ಮೌನದ ನಂತರ, ಮತ್ತು ಮೌನವಾದವರೊಡನೆ.

ಆದ್ದರಿಂದ ಕುರುಗೋಡಿನಲ್ಲಿ ನಾನು ವಾದಿಸಲಿಲ್ಲ. ಒಂದು ಕೊಠಡಿ ಕೇಳಿದೆ. ತಡವರಿಸಿ ಓದುವ ಆರು ಮಕ್ಕಳನ್ನು ಆರಿಸಿ, ವಾರಕ್ಕೆ ಮೂರು ಬಾರಿ ಅಲ್ಲಿ ಕೂರಿಸಿಕೊಂಡು ಸಣ್ಣ ಕಥೆಗಳನ್ನು ಓದಿಸತೊಡಗಿದೆ. ವೇಳಾಪಟ್ಟಿಯಲ್ಲಿ ನನಗೆ ಸಿಕ್ಕ ಹೊತ್ತು ವಿಜ್ಞಾನದ ಅವಧಿಯದು. ವಿಜ್ಞಾನದ ಶಿಕ್ಷಕರ ಹೆಸರು ಪಂಪನಗೌಡ. ಕೊಳಗಲ್ಲಿನವರು, ಬೆಳಿಗ್ಗೆ ಹೊಲಕ್ಕೆ ಒಂದು ಸುತ್ತು ಹಾಕಿ ಬೈಕಿನಲ್ಲಿ ಶಾಲೆಗೆ ಬರುವವರು. ಎರಡನೆಯ ವಾರ ಅವರು ನನ್ನ ಬಾಗಿಲಲ್ಲಿ ನಿಂತರು.

"ಮೇಡಂ, ನನ್ನ ಹುಡುಗ್ರನ್ನ ಎಬ್ಬಿಸಿಕೊಂಡು ಬಂದು ಏನು ಓದಸ್ತೀರಿ?"

"ಕಥೆ ಓದಿಸುತ್ತೇನೆ."

"ಕಥಿ ಓದಾಕ ಬಂದ್ರ ಸೈನ್ಸ್ ಓದಾಕ ಬರತೈತೇನ್ರಿ?"

"ಬರುತ್ತದೆ. ಓದು ಎಲ್ಲ ಕಡೆಯೂ ಓದೇ ಅಲ್ಲವೇ?"

"ಹಂಗಾರ ವಕೀಲರು ಬರದ ಕಾಗದ ನನಗ ಯಾಕ ತಿಳಿಯಂಗಿಲ್ಲ? ನನಗೂ ಓದಾಕ ಬರತೈತಲ್ಲ."

ನಾನು ಬೇರೆ ದಾರಿ ಹಿಡಿದೆ. "ನಿಮ್ಮ ಅವಧಿಯಲ್ಲಿ ಪುಸ್ತಕವನ್ನೇ ತೆರೆಯುವುದಿಲ್ಲವಲ್ಲ ಸರ್?"

ಅವರು ಕೋಪಿಸಿಕೊಳ್ಳಲಿಲ್ಲ. "ತೆರದ್ರ ಅರ್ಧ ಕ್ಲಾಸ್ ಮುಖ ಕೆಳಗ ಹಾಕ್ಕೊಂಡು ಕುಂದರತೈತ್ರಿ. ಅದಕ್ಕ ನಾನೇ ಪುಸ್ತಕ ಆಗೀನಿ."

ಪುಸ್ತಕವನ್ನು ಮುಚ್ಚಿಸಿದ್ದು ಸೋಮಾರಿತನವಲ್ಲ, ಮಕ್ಕಳ ಮರ್ಯಾದೆ ಕಾಯುವ ಉಪಾಯ. ಆದರೆ ಆ ಉಪಾಯ ಎಷ್ಟು ಚೆನ್ನಾಗಿ ಫಲಿಸಿತ್ತೆಂದರೆ, ಯಾರಿಗೆ ಓದು ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದು ಅವರಿಗೂ ತಿಳಿಯುತ್ತಿರಲಿಲ್ಲ.

ನನ್ನ ಆರು ಮಂದಿಯಲ್ಲಿ ಹುಲಿಗೆಮ್ಮ ಎಂಬ ಹುಡುಗಿಯಿದ್ದಳು. ಮೂರು, ನಾಲ್ಕನೆಯ ತರಗತಿಗಳ ಹಲವು ತಿಂಗಳು ಅವಳು ತಾಯಿಯೊಡನೆ ಹತ್ತಿ ಬಿಡಿಸುತ್ತ ಊರೂರು ತಿರುಗಿದ್ದಳು. ಅಕ್ಷರಗಳು ಕೂಡಿ ಪದವಾಗುವ ಹೊತ್ತಿಗೆ ಶಾಲೆಯಲ್ಲಿ ಇರಲಿಲ್ಲ. ಆದರೆ ಪಂಪನಗೌಡರ ತರಗತಿಯಲ್ಲಿ ಎಲ್ಲರಿಗಿಂತ ಅರ್ಧ ಕ್ಷಣ ಮೊದಲು ಕೇಳುತ್ತಿದ್ದ ದನಿ ಅವಳದೇ. ನನ್ನ ಕೊಠಡಿಗೆ ಅವಳು ದಿನದಿಂದ ದಿನಕ್ಕೆ ತಡವಾಗಿ ಬರತೊಡಗಿದಳು. ಒಂದು ದಿನ ಬರಲೇ ಇಲ್ಲ. ಹುಡುಕಿಕೊಂಡು ಹೊರಟರೆ, ವಿಜ್ಞಾನ ತರಗತಿಯ ಹೊರಗೆ ಕಿಟಕಿಯ ಸರಳು ಹಿಡಿದು ನಿಂತು ಪಾಠ ಕೇಳುತ್ತಿದ್ದಳು. ನಾನು ಮಾತಾಡುವ ಮೊದಲೇ ಪಂಪನಗೌಡರು ಒಳಗಿನಿಂದ ಅವಳನ್ನು ಕಂಡರು.

"ಏನಲೇ ಹುಲಿಗೆಮ್ಮಾ, ಕಿಟಕಿ ಕಾಯಾಕ ಸರ್ಕಾರ ಪಗಾರ ಕೊಡತೈತೇನು ನಿನಗ?"

ತರಗತಿ ನಕ್ಕಿತು. ಅವಳು ನಗಲಿಲ್ಲ. "ಓದೋ ಕೋಣಿಗೆ ಹೋದ್ರ ಸೈನ್ಸ್ ತಪ್ಪತೈತ್ರಿ ಸಾರ್. ನನಗ ಬರೋದು ಇದೊಂದ. ಇದನ್ನೂ ಬಿಡಿಸಿದ್ರ ನಾ ಸಾಲಿಗೇ ಬರಂಗಿಲ್ಲ, ಅವ್ವನ ಕೂಡ ಹೊಲಕ್ಕ ಹೋಗ್ತೀನಿ."

ಅದು ಬೆದರಿಕೆಯ ದನಿಯಲ್ಲ. ಬಸ್ಸಿನ ವೇಳೆ ಹೇಳುವಂತೆ ಹೇಳಿದಳು. ಅವಳ ಅಕ್ಕ ಅದೇ ದಾರಿಯಲ್ಲಿ ಹೋಗಿದ್ದಳೆಂದು ಶಾಲೆಗೆಲ್ಲ ಗೊತ್ತಿತ್ತು. ಅವಳನ್ನು ಶಾಲೆಯಲ್ಲಿ ಉಳಿಸಲೆಂದು ನಾನು ಮಾಡಿದ ಏರ್ಪಾಡು ಅವಳನ್ನು ಹೊರಕ್ಕೆ ದಬ್ಬುತ್ತಿತ್ತು. ಓದಿನ ಕೊಠಡಿ ಉಳಿಯಬೇಕೋ, ಹುಲಿಗೆಮ್ಮ ಉಳಿಯಬೇಕೋ ಎಂಬಲ್ಲಿಗೆ ಮಾತು ಬಂದು ನಿಂತಿತು.

ಪಂಪನಗೌಡರು ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು. "ಎಲ್ರೂ ಏಳ್ರಿ. ಪುಸ್ತಕ ತಗೊಂಡು ನಡೀರಿ."

"ಯಾವ ಪುಸ್ತಕ ಸಾರ್?"

"ಛಾಪಾ ಆಗಿದ್ದು! ಸರ್ಕಾರ ಪುಕ್ಕಟೆ ಕೊಟ್ಟಿದ್ದು!"

ಮಕ್ಕಳು ಚೀಲದ ತಳ ಹುಡುಕಿದರು. ಕೆಲವರ ಪುಸ್ತಕದ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಇಡೀ ತರಗತಿ ನನ್ನ ಕೊಠಡಿಗೆ ನುಗ್ಗಿ, ಬೆಂಚು ಸಾಲದೆ ನೆಲದ ಮೇಲೆ ಕುಳಿತಿತು. ಅವರು ನನ್ನತ್ತ ತಿರುಗಿ, "ನೀವು ಆರು ಮಂದಿನ ತಂದ್ರಿ, ಉಳದವ್ರನ್ನ ನಾ ತಂದೀನಿ. ಇಬ್ರೂ ಕೂಡಿ ಮಾಡೋಣ್ರಿ, ಏನಾಗತೈತಿ ನೋಡೋಣು" ಎಂದರು.

ಅಂದಿನ ಪಾಠ ನೀರು ಆವಿಯಾಗುವುದರ ಕುರಿತು. ಆವಿಯಾಗುವ ವೇಗ ಯಾವುದರ ಮೇಲೆ ನಿಂತಿದೆ ಎಂಬ ಪುಟವನ್ನು ಎಲ್ಲರೂ ತೆರೆದರು. ಅಲ್ಲಿ ಏನಿದೆಯೆಂದು ನಾನು ಹುಲಿಗೆಮ್ಮನನ್ನು ಕೇಳಿದೆ. ಅವಳು ಪುಟದ ಮೇಲೆ ಕಣ್ಣಾಡಿಸಿ, ತಡೆಯಿಲ್ಲದೆ ಹೇಳಿದಳು: "ಮೆಣಸಿನಕಾಯಿ ಗುಂಪಿ ಹಾಕಿದ್ರ ಒಣಗಂಗಿಲ್ರಿ, ಹರವಬೇಕು. ಬಿಸಲು ಬೇಕು. ಗಾಳಿ ಆಡಬೇಕು." ನನಗೆ ಅಚ್ಚರಿಯಾಯಿತು. ಹರವಿದ ಮೇಲ್ಮೈ, ಉಷ್ಣತೆ, ಗಾಳಿಯ ವೇಗ: ಮೂರೂ ಪುಟದಲ್ಲಿದ್ದವು. ಶಹಬ್ಬಾಸ್ ಎಂದೆ.

ಪಂಪನಗೌಡರು ಪುಸ್ತಕದಿಂದ ತಲೆಯೆತ್ತಿದರು. "ಮೂರು ಹೇಳಿದಿ. ಇಲ್ಲಿ ನಾಕು ಅದಾವಲ್ಲಲೇ."

ಆಗ ನನಗೆ ಅರ್ಥವಾಯಿತು: ಅವಳು ಓದಿರಲಿಲ್ಲ. ಪಾಠದ ಹೆಸರು, ಪಕ್ಕದ ಚಿತ್ರ, ಕುರುಗೋಡಿನ ಸುತ್ತಲಿನ ಮೆಣಸಿನಕಾಯಿ ಕಣಗಳ ಅನುಭವ, ಇಷ್ಟರಿಂದ ಊಹಿಸಿದ್ದಳು. ನಾಲ್ಕನೆಯದು ಅವಳ ಊಹೆಗೆ ಸಿಗುವಂಥದ್ದಲ್ಲ. ಬಳ್ಳಾರಿಯ ಆಕಾಶದ ಕೆಳಗೆ ಅದನ್ನು ಕಂಡವರು ಕಡಿಮೆ. ನಾನು ಕಂಡಿದ್ದೆ; ನೀವೂ ಕಂಡಿದ್ದೀರಿ.

"ನಮ್ಮ ಊರಲ್ಲಿ ಬಟ್ಟೆಯನ್ನು ಚೆನ್ನಾಗಿ ಹರವಿ ಹಾಕುತ್ತೇವೆ, ಗಾಳಿಯೂ ಬೀಸುತ್ತದೆ. ಆದರೂ ಈ ತಿಂಗಳಲ್ಲಿ ಮೂರು ದಿನವಾದರೂ ಒಣಗುವುದಿಲ್ಲ," ಎಂದೆ.

"ಮಳಿಯಾಗ ಹಾಕಿದ್ರ ಹೆಂಗ ಒಣಗತಾವ್ರಿ ಮಿಸ್?" ಎಂದ ಒಬ್ಬ.

"ಮಳೆಯಲ್ಲಲ್ಲ. ಮನೆಯೊಳಗೆ, ಫ್ಯಾನಿನ ಕೆಳಗೆ."

"ಫ್ಯಾನಿನ ಕೆಳಗೂ ಒಣಗಂಗಿಲ್ಲಂತಲೇ!" ನಗೆ ಎದ್ದಿತು. ಕ್ಯಾಂಪಿನ ಹುಡುಗನೊಬ್ಬ ಪಕ್ಕದವನಿಗೆ, "ಮಿಸ್ ಅಬದ್ಧಂ ಚೆಪ್ತಾಂದಿ ರಾ" ಎಂದ. ಮಿಸ್ ಸುಳ್ಳು ಹೇಳುತ್ತಿದ್ದಾರೆ ಎಂದರ್ಥ. ಅಷ್ಟು ತೆಲುಗು ನನಗೆ ಅಷ್ಟರಲ್ಲಿ ಬಂದಿತ್ತು. ಅವನನ್ನು ತಪ್ಪೆನ್ನಲಾಗದು. ಇಲ್ಲಿ ಆಷಾಢದ ಒಣ ಗಾಳಿಗೆ ಹಗ್ಗದ ಈ ತುದಿಯಿಂದ ಬಟ್ಟೆ ಹಾಕುತ್ತ ಆ ತುದಿ ತಲುಪುವಷ್ಟರಲ್ಲಿ ಮೊದಲ ಬಟ್ಟೆ ಒಣಗಿರುತ್ತದೆ.

ಪಂಪನಗೌಡರು ಕೈಯೆತ್ತಿದರು. "ಮಿಸ್ ಖರೇ ಹೇಳ್ತಾರೋ ಸುಳ್ಳು ಹೇಳ್ತಾರೋ ನನಗ ಗೊತ್ತಿಲ್ಲ. ನಾನೂ ಆ ಕಡಿ ಹೋದಾವನಲ್ಲ. ಪುಸ್ತಕ ಏನಂತೈತಿ, ನೀವ ನೋಡ್ರಿ."

ತಲೆಗಳು ಬಾಗಿದವು. ಆ ಶಾಲೆಯಲ್ಲಿ ನಾನು ಕೇಳಿದ ಮೊದಲ ಓದಿನ ನಿಶ್ಶಬ್ದ ಅದು. ಹುಲಿಗೆಮ್ಮನ ಬೆರಳು ಸಾಲಿನ ಕೆಳಗೆ ತೆವಳುತ್ತಿತ್ತು. "ಗಾಳಿಯಲ್ಲಿ..." ಎಂದು ಸಣ್ಣ ದನಿಯಲ್ಲಿ ಆರಂಭಿಸಿ, ಮುಂದಿನ 'ಆರ್ದ್ರತೆ' ಎಂಬ ಪದದಲ್ಲಿ ನಿಂತಳು. ನಾನು ಪಕ್ಕದಲ್ಲಿ ಕುಳಿತು ಪದವನ್ನು ಮೂರು ತುಂಡು ಮಾಡಿ ಉಚ್ಚರಿಸಲು ನೆರವಾದೆ. ಉಚ್ಚರಿಸಿದಳು, ಆದರೆ ಅದು ಏನೆಂದು ತಿಳಿಯದೆ ಮೇಲೆ ನೋಡಿದಳು. ಪಂಪನಗೌಡರು, "ಗಾಳಿಯಾಗ ಅಡಗಿ ಕುಂತಿರೋ ನೀರು" ಎಂದರು. ಅವಳು ಮತ್ತೆ ಸಾಲಿಗೆ ಹೋದಳು. ಆರ್ದ್ರತೆ ಹೆಚ್ಚಿದಷ್ಟೂ ಆವಿಯಾಗುವ ವೇಗ ಕಡಿಮೆಯಾಗುತ್ತದೆ ಎಂಬ ಆ ಒಂದು ವಾಕ್ಯವನ್ನು ಮುಗಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ತರಗತಿ ಒಕ್ಕೊರಲಿನಿಂದ ಕೂಗಲಿಲ್ಲ, ಯಾರೂ ಅವಳಿಗಿಂತ ಮುಂದೆ ಹೇಳಲಿಲ್ಲ.

ಅವಳು ಕ್ಯಾಂಪಿನ ಹುಡುಗನತ್ತ ತಿರುಗಿದಳು. "ಗಾಳಿನ ಮೊದಲ ತೊಯ್ದಿದ್ರ ಬಟ್ಟಿ ನೀರು ಎಲ್ಲಿಗೆ ಹೋಗಬೇಕಲೇ? ಮಿಸ್ ಖರೇನ ಹೇಳ್ಯಾರ."

ಇದನ್ನು ದೊಡ್ಡ ವಿಜಯವೆಂದು ನಿಮಗೆ ಬಣ್ಣಿಸುವ ಇಚ್ಛೆ ನನಗಿಲ್ಲ. ಅದು ಒಂದು ವಾಕ್ಯ ಮಾತ್ರ. ಆದರೆ ಅದನ್ನು ಪದವಾಗಿ ಬಿಡಿಸಲು ಒಬ್ಬರು, ಅದರೊಳಗಿನ ವಸ್ತುವನ್ನು ತೋರಿಸಲು ಇನ್ನೊಬ್ಬರು ಬೇಕಾಯಿತು. ಇಬ್ಬರಲ್ಲಿ ಯಾರು ಇಲ್ಲದಿದ್ದರೂ ಅವಳು ಆ ಸಾಲಿನ ನಡುವೆ ನಿಂತುಬಿಡುತ್ತಿದ್ದಳು.

ಅಂದು ಮಧ್ಯಾಹ್ನ ಪಂಪನಗೌಡರು ನನ್ನನ್ನು "ಬರ್ರಿ ಮೇಡಂ, ಬುತ್ತಿ ಬಿಚ್ಚೋಣು" ಎಂದು ಕರೆದರು. ಬುತ್ತಿ ಎಂದರೆ ಮನೆಯಿಂದ ಕಟ್ಟಿ ತಂದ ಊಟ. ಇಲ್ಲಿನ ಶಿಕ್ಷಕರು ತಮ್ಮ ತಮ್ಮ ಡಬ್ಬಿಯಲ್ಲಿ ಉಣ್ಣುವುದಿಲ್ಲ. ಎಲ್ಲರ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಒಂದೇ ಹಾಳೆಯ ಮೇಲೆ ಬೀಳುತ್ತವೆ. ನಮ್ಮ ಕಡೆಯ ಮರ್ಯಾದೆಯಂತೆ ಅಷ್ಟು ದಿನ ನಾನು ನನ್ನ ಡಬ್ಬಿಯೊಡನೆ ದೂರ ಕುಳಿತು ಉಂಡಿದ್ದೆ. ಅವರು ಅದನ್ನು ಬಿಗುಮಾನವೆಂದು ತಿಳಿದಿದ್ದರು. ಶಿಕ್ಷಕರಿಬ್ಬರು ಕೂಡಿ ಪಾಠ ಯೋಜಿಸಲು ವೇಳಾಪಟ್ಟಿಯಲ್ಲಿ ಬಿಡುವೇ ಇಲ್ಲವೆಂದು ನಾನು ಸಂಸ್ಥೆಗೆ ವರದಿ ಬರೆದಿದ್ದೆ. ಬಿಡುವು ಇತ್ತು, ಅದು ರೊಟ್ಟಿಯ ಸುತ್ತ ಇತ್ತು.

ಅಲ್ಲಿ ಕುಳಿತು ನಾವು ಮರುದಿನದ ಪುಟ ನೋಡತೊಡಗಿದೆವು. ಪಂಪನಗೌಡರು ಹೇಗೆ ಓದುತ್ತಾರೆಂದು ಗಮನಿಸಿದೆ. ಮೊದಲು ಚಿತ್ರ, ಬಳಿಕ ಅದರ ಕೆಳಗಿನ ಬರಹ, ಆಮೇಲೆ ಪಾಠದ ನಡು, ಮತ್ತೆ ಚಿತ್ರ. ಒಂದು ವಾಕ್ಯಕ್ಕೆ ಎರಡು ಸಲ ಹಿಂದಿರುಗುತ್ತಿದ್ದರು. ನಾನು ಮಕ್ಕಳಿಗೆ ಕಲಿಸುತ್ತಿದ್ದದ್ದು ಕಥೆಯ ಓದು: ಮೇಲಿನಿಂದ ಕೆಳಕ್ಕೆ, ನಿಲ್ಲದೆ. ವಿಜ್ಞಾನವನ್ನು ಹಾಗೆ ಓದಿದರೆ ಏನೂ ದಕ್ಕುವುದಿಲ್ಲ. ನಾನು ಇದನ್ನು ಹೇಳಿದಾಗ ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ನಾ ಹಿಂಗ ಓದ್ತೀನೇನ್ರಿ? ಯಾರಿಗೂ ಹೇಳಿಕೊಟ್ಟಿಲ್ಲಲ್ಲ ಮತ್ತ" ಎಂದರು. ಅಂದಿನಿಂದ ವಾರಕ್ಕೆ ಎರಡು ಬಾರಿ ಅವರು ತಮ್ಮ ಓದನ್ನು ಗಟ್ಟಿಯಾಗಿ ಮಕ್ಕಳ ಮುಂದೆ ಮಾಡಿ ತೋರಿಸುತ್ತಾರೆ. ಎಲ್ಲಿ ನಿಂತೆ, ಯಾಕೆ ಹಿಂದೆ ಹೋದೆ ಎನ್ನುತ್ತ. ಸಿಕ್ಕಿಕೊಂಡವರ ಪಕ್ಕ ನಾನು ಕೂರುತ್ತೇನೆ.

ಅರ್ಧವಾರ್ಷಿಕ ಪರೀಕ್ಷೆಯ ಉತ್ತರಗಳನ್ನು ತಿದ್ದುವಾಗ ಅವರು ಹುಲಿಗೆಮ್ಮನದನ್ನು ಹಿಡಿದು ಬಂದರು. "ಇದು ನನ್ನ ನೋಟ್ಸಿನಾಗ ಇಲ್ರಿ. ತನ್ನ ಮಾತಿನಾಗ ಬರದಾಳ. ಮಾರ್ಕ್ಸ್ ಕೊಡಬೇಕೋ ಬ್ಯಾಡೋ?"

"ಉತ್ತರ ಸರಿಯಿದೆಯೇ?"

"ಸರಿ ಐತಿ. ಅದ ತ್ರಾಸು."

ಕೊಟ್ಟರು. ಅವಳ ಬರಹದಲ್ಲಿ ತಪ್ಪುಗಳು ಇನ್ನೂ ಬಹಳ. ಓದು ಈಗಲೂ ನಿಧಾನ. ಆದರೆ ವಿಜ್ಞಾನದ ಅವಧಿಯಲ್ಲಿ ಅವಳು ತರಗತಿಯ ಒಳಗಿದ್ದಾಳೆ. ಹತ್ತಿಯ ಕಾಲ ಬಂದರೂ ತಾಯಿ ಶನಿವಾರ ಭಾನುವಾರ ಮಾತ್ರ ಕರೆದೊಯ್ಯುತ್ತಾರೆ. ಅದು ಎಷ್ಟು ಕಾಲ ಹಾಗೆ ಉಳಿಯುವುದೋ ನನಗೆ ತಿಳಿಯದು.

ನನ್ನ ಕೊಠಡಿ ಹೋಯಿತು. ಖಾಲಿ ಇರುತ್ತದೆಯಲ್ಲ ಎಂದು ಮುಖ್ಯೋಪಾಧ್ಯಾಯರು ಅಲ್ಲಿ ಬಿಸಿಯೂಟದ ಅಕ್ಕಿ ಮೂಟೆ ಇಡಿಸಿದ್ದಾರೆ. ವೇಳಾಪಟ್ಟಿಯಲ್ಲಿ ನನ್ನ ಹೆಸರಿನ ಒಂದು ಚೌಕವೂ ಇಲ್ಲ. ಕನ್ನಡದ ಶಿಕ್ಷಕರು "ನೀವು ಸೈನ್ಸಿನವರ ಕಡಿ ಆದ್ರಿ ಬಿಡ್ರಿ" ಎಂದು ಚುಚ್ಚುತ್ತಾರೆ. ಪಂಪನಗೌಡರು ಬೇರೆಯವರಿಗೆ ನನ್ನನ್ನು "ಕನ್ನಡ ಮೇಡಂ" ಎಂದೇ ಪರಿಚಯಿಸುತ್ತಾರೆ. ಸಿರುಗುಪ್ಪದಲ್ಲಿ ಗಣಿತದ ಶಿಕ್ಷಕಿ ಕೊನೆಗೂ ತಮ್ಮ ತರಗತಿಗೆ ಬರಗೊಟ್ಟಿದ್ದಾರೆ, ಒಂದು ಷರತ್ತಿನ ಮೇಲೆ: "ಸುಮ್ನ ಕುಂದರ್ರಿ. ಚರ್ಚಾ ಬ್ಯಾಡ."

ದಸರೆಯ ರಜೆಗೆ ಊರಿಗೆ ಬಂದಿದ್ದೆ. ಅಂಗಳದಲ್ಲಿ ನಿಂತು ಪಕ್ಕದ ಮನೆಯವರೊಡನೆ ಮಾತಾಡುತ್ತಿದ್ದಾಗ ಅಮ್ಮ ಒಳಗಿನಿಂದ, "ಯಾರ ಹತ್ರ ಜಗಳ ಮಾಡ್ತಾ ಇದ್ದಿ ಮಾರಾಯ್ತಿ? ಸ್ವಲ್ಪ ಸ್ವರ ಸಣ್ಣ ಮಾಡು" ಎಂದರು. ನಾನು ಯಾರೊಡನೆಯೂ ಜಗಳವಾಡುತ್ತಿರಲಿಲ್ಲ. ಬಳ್ಳಾರಿಗೆ ಮರಳಿದ ದಿನ ಗೌರಮ್ಮ, "ಊರಿಗೆ ಹೋಗಿ ಬಂದ ಮ್ಯಾಲೆ ನಿನ್ನ ಮಾತು ಕೇಳಸಂಗೇ ಇಲ್ಲವಾ, ಗಟ್ಟಿ ಮಾತಾಡು" ಎಂದರು. ಎರಡೂ ಕಡೆಯ ತಿದ್ದುಪಡಿಯನ್ನು ನಾನು ಒಪ್ಪಿಕೊಂಡಿದ್ದೇನೆ. ಎರಡೂ ಕಡೆ ಪೂರ್ತಿ ಸೇರಿದವಳಲ್ಲ ಎಂಬುದು ಈಗ ಕೊರಗಲ್ಲ. ನನ್ನ ಕೆಲಸವೂ ಅಂಥದ್ದೇ.

ಕೊನೆಯದಾಗಿ ನಿಮ್ಮಲ್ಲಿ ಒಂದು ಕೋರಿಕೆ. ಈ ವಾರ ನಿಮ್ಮೂರಿನ ಪ್ರೌಢಶಾಲೆಗೆ ಹೋಗಿ, ಭಾಷೆಯ ಶಿಕ್ಷಕರೊಬ್ಬರನ್ನೂ ವಿಜ್ಞಾನದ ಶಿಕ್ಷಕರೊಬ್ಬರನ್ನೂ ಭೇಟಿಯಾಗಿ. ವಿಜ್ಞಾನದ ಒಂದೇ ಒಂದು ಪುಟವನ್ನು ಇಬ್ಬರೂ ಕೂಡಿ ಮಕ್ಕಳಿಗೆ ಓದಿಸುವಂತೆ ಕೇಳಿಕೊಳ್ಳಿ. ಅವರು ಒಪ್ಪಿದರೆ, ಆ ಅವಧಿ ಮುಗಿಯುವವರೆಗೆ ಹಿಂದಿನ ಬೆಂಚಿನಲ್ಲಿ ಮಾತಾಡದೆ ಕುಳಿತು ಬನ್ನಿ.